ನಾರ್ಮಲ್ಲಾ, ಪ್ರೀಮಿಯಮ್ಮಾ? ಲೀಟರ್‌ಗೆ ಎಂಟು ರೂಪಾಯಿ ಜಾಸ್ತಿ ಕೊಟ್ಟರೆ ಕಾರಿಗೆ ಸಿಗೋದೇನು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಮಾತನ್ನು ತಿದ್ದಲಾಗಿದೆ.)

ಈ ಸಲದ ಪ್ರಶ್ನೆ ತುಂಬಾ ಚಿಕ್ಕದು. ಪೆಟ್ರೋಲ್ ಬಂಕ್‌ನಲ್ಲಿ ಪೈಪ್ ಹಿಡ್ಕೊಂಡು ನಿಂತ ಹುಡುಗ ಎರಡೇ ಸೆಕೆಂಡ್‌ನಲ್ಲಿ ಕೇಳಿಬಿಡ್ತಾನೆ: "ಅಣ್ಣ, ನಾರ್ಮಲ್ ಹಾಕ್ಲಾ, ಪವರ್ ಹಾಕ್ಲಾ?" ಹಿಂದೆ ಇನ್ನೊಂದು ಗಾಡಿ ಹಾರ್ನ್ ಹೊಡೀತಿರುತ್ತೆ. ಯೋಚನೆ ಮಾಡೋಕೆ ಟೈಮ್ ಇರಲ್ಲ. ಒಬ್ಬೊಬ್ಬರು ಒಂದೊಂದು ಅಭ್ಯಾಸದಲ್ಲಿ ಉತ್ತರ ಕೊಡ್ತಾರೆ. ಗಾಡಿ ಹೊಸದು, ಒಳ್ಳೇದೇ ಕುಡೀಲಿ ಅಂತ ಕೆಲವರು. ಗಾಡಿ ಹಳೇದು, ಒಳ್ಳೇದು ಕುಡಿದರೆ ಇನ್ನೆರಡು ವರ್ಷ ಓಡುತ್ತೆ ಅಂತ ಕೆಲವರು. ಎರಡೂ ಕಡೆಯಿಂದ ಬಂದರೂ ಕೊನೆಗೆ ಪ್ರೀಮಿಯಂ ಪೈಪಿಗೇ ಬರ್ತಾರೆ, ಅದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತೆ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನನ್ನ ಭಾವ. ಪಾವಗಡ ತಾಲೂಕಿನ ವೈ.ಎನ್.ಹೊಸಕೋಟೆ ಅವರ ಊರು. ರೇಷ್ಮೆ ಸೀರೆ ನೇಯೋ ಊರು ಅಂತ ತುಮಕೂರು ಕಡೆಯವರಿಗೆ ಗೊತ್ತೇ ಇದೆ. ಭಾವನ ಮನೇಲೂ ಮಗ್ಗ ಇದೆ. 2013ರ ಒಂದು ಸಣ್ಣ ಪೆಟ್ರೋಲ್ ಕಾರಿನಲ್ಲಿ ಸೀರೆ ಬಂಡಲ್ ಹಾಕ್ಕೊಂಡು ಮಧುಗಿರಿ, ಕೊರಟಗೆರೆ ಮೇಲೆ ಬೆಂಗಳೂರಿಗೆ ಹೋಗೋದು, ಬರುವಾಗ ಜರಿ, ರೇಷ್ಮೆ ತರೋದು. ಹೋಗಿ ಬಂದರೆ ಮುನ್ನೂರೈವತ್ತು ಕಿಲೋಮೀಟರ್ ಆಸುಪಾಸು. ಇದರ ಜೊತೆಗೆ ಪಾವಗಡ, ಶಿರಾ, ಮದುವೆ ಮುಂಜಿ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಆಗುತ್ತೆ. ಮೊದಲು ಲೀಟರಿಗೆ ಹದಿನೇಳೂವರೆ ಬರ್ತಿತ್ತು, ಈಗ ಹದಿನಾರಕ್ಕಿಂತ ಮೇಲೆ ಏರ್ತಿಲ್ಲ ಅನ್ನೋದು ಅವರ ದೂರು. ಪರಿಚಯದ ಮೆಕ್ಯಾನಿಕ್ ಒಬ್ಬರು, "ಈಗಿನ ಪೆಟ್ರೋಲಲ್ಲಿ ಎಥನಾಲ್ ಇದೆ, ಪ್ರೀಮಿಯಂ ಹಾಕ್ಸಿ, ಅದರಲ್ಲಿ ಇರಲ್ಲ" ಅಂತ ಹೇಳಿದ್ರಂತೆ. ಮೂರು ತಿಂಗಳಿಂದ ಭಾವ ಅದನ್ನೇ ಹಾಕಿಸ್ತಿದ್ದಾರೆ.

"ಭಾವ, ಏನಾದ್ರೂ ವ್ಯತ್ಯಾಸ ಕಾಣ್ತಾ?" ಅಂದೆ.

"ಸ್ಮೂತಾಗಿ ಹೋಗ್ತದಪ್ಪ," ಅಂದ್ರು.

"ಮೈಲೇಜು?"

"ಅದನ್ನ ನೋಡಿಲ್ಲ."

ನೋಡಬೇಕಾದ್ದು ಅದನ್ನೇ. ಲೆಕ್ಕ ಹಾಕೋಣ. ಪ್ರೀಮಿಯಂ ಪೆಟ್ರೋಲ್‌ಗೆ ಸಾಮಾನ್ಯವಾಗಿ ಲೀಟರಿಗೆ ಏಳೆಂಟು ರೂಪಾಯಿ, ಕೆಲವು ಕಡೆ ಇನ್ನೂ ಸ್ವಲ್ಪ ಜಾಸ್ತಿ. ಎಂಟು ಅಂತಲೇ ಇಟ್ಕೊಳ್ಳಿ. ಎರಡು ಸಾವಿರ ಕಿಲೋಮೀಟರಿಗೆ ಹದಿನಾರರ ಮೈಲೇಜಿನಲ್ಲಿ 125 ಲೀಟರ್ ಬೇಕು. ತಿಂಗಳಿಗೆ 1,000 ರೂಪಾಯಿ ಜಾಸ್ತಿ, ವರ್ಷಕ್ಕೆ 12,000. ಮಗ್ಗದ ಮನೆಯಲ್ಲಿ ಹನ್ನೆರಡು ಸಾವಿರ ಅಂದರೆ ಕಾರಿನ ವಿಮೆ ಕಟ್ಟಿ, ಒಂದು ಸರ್ವಿಸ್ ಮಾಡಿಸಿ ಇನ್ನೂ ಕೈಯಲ್ಲಿ ಏನಾದರೂ ಉಳಿಯೋ ದುಡ್ಡು. ಆ ದುಡ್ಡು ಮೈಲೇಜಿನಲ್ಲಿ ವಾಪಸ್ ಬರಬೇಕು ಅಂದ್ರೆ ಎಷ್ಟು ಏರಬೇಕು? ನಾರ್ಮಲ್ 103, ಪ್ರೀಮಿಯಂ 111 ಅಂತ ಹಿಡಿದರೆ, ಹದಿನಾರು ಇದ್ದದ್ದು ಹದಿನೇಳು ಕಾಲು ಆಗಬೇಕು. ಅಂದರೆ ನೂರಕ್ಕೆ ಸುಮಾರು ಎಂಟು. ಈ ಎಂಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಪ್ರೀಮಿಯಂ ಅಂದ್ರೆ ಏನು ಅಂತ ನೋಡೋಣ. ಇಂಡಿಯನ್ ಆಯಿಲ್‌ನಲ್ಲಿ ಎಕ್ಸ್‌ಪಿ 95 ಅಂತಾರೆ, ಎಚ್‌ಪಿಯಲ್ಲಿ ಪವರ್ 95, ಭಾರತ್ ಪೆಟ್ರೋಲಿಯಂನಲ್ಲಿ ಸ್ಪೀಡ್. ಪವರ್, ಸ್ಪೀಡ್ ಅನ್ನೋ ಹೆಸರು ಕೇಳಿದರೆ ಪೆಟ್ರೋಲ್ ಒಳಗೇ ಹೆಚ್ಚು ಶಕ್ತಿ ತುಂಬಿದ್ದಾರೇನೋ ಅನ್ನಿಸುತ್ತೆ. ಹಾಗಿಲ್ಲ. ಹೆಸರಿಗೆ ಅಂಟಿದ 95 ಅನ್ನೋ ಸಂಖ್ಯೆ ಇದೆಯಲ್ಲ, ಅದು ಆಕ್ಟೇನ್ ಸಂಖ್ಯೆ. ಅದು ಪೆಟ್ರೋಲಿನ ಶಕ್ತಿಯ ಅಳತೆ ಅಲ್ಲ, ತಾಳ್ಮೆಯ ಅಳತೆ.

ತಾಳ್ಮೆ ಅಂದೆ, ಯಾಕೆ ಅಂದ್ರೆ ಎಂಜಿನ್ ಒಳಗೆ ನಡೆಯೋದು ಹೀಗೆ. ಪಿಸ್ಟನ್ ಮೇಲೆ ಬರ್ತಾ ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒತ್ತುತ್ತೆ. ಹನ್ನೊಂದು ಲೋಟದಷ್ಟು ಇದ್ದದ್ದನ್ನ ಒಂದು ಲೋಟಕ್ಕೆ ಒತ್ತಿದರೆ ಕಂಪ್ರೆಷನ್ ರೇಶಿಯೋ 11 ಅಂತಾರೆ. ಹಳೇ ಕಾಲದ ಕಾರ್ಬುರೇಟರ್ ಕಾರುಗಳಲ್ಲಿ ಇದು ಒಂಬತ್ತರ ಹತ್ತಿರ ಇರ್ತಿತ್ತು, ಈಗಿನ ಸಣ್ಣ ಕಾರುಗಳಲ್ಲೂ 11, 12 ಸಾಮಾನ್ಯ. ಒತ್ತಿದಷ್ಟೂ ಬಿಸಿ ಏರುತ್ತೆ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬೆಚ್ಚಗಾಗುತ್ತಲ್ಲ, ಅದೇ ಲೆಕ್ಕ. ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತೆ, ಬೆಂಕಿ ಒಂದು ಕಡೆಯಿಂದ ಹರಡ್ತಾ ಪಿಸ್ಟನ್ನನ್ನು ಕೆಳಗೆ ತಳ್ಳುತ್ತೆ. ಆದರೆ ಆ ಬೆಂಕಿ ಬಂದು ಮುಟ್ಟೋ ಮೊದಲೇ, ಮೂಲೆಯಲ್ಲಿ ಉಳಿದಿದ್ದ ಆವಿ ಬಿಸಿಗೂ ಒತ್ತಡಕ್ಕೂ ತಡೆಯಲಾರದೆ ತಾನಾಗೇ ಧಗ್ ಅಂತ ಹೊತ್ತಿಕೊಂಡರೆ? ಅದೇ ನಾಕಿಂಗ್. ಎತ್ತರ ಹತ್ತುವಾಗ ಬಾನೆಟ್ ಒಳಗಿಂದ ಟಕ ಟಕ ಅಂತ ಸಣ್ಣ ಕಲ್ಲು ಬಡಿದ ಹಾಗೆ ಸದ್ದು ಬರುತ್ತೆ. ಹೊಸಕೋಟೆಯವರಿಗೆ ಸುಲಭವಾಗಿ ಹೇಳಬೇಕು ಅಂದ್ರೆ, ಲಾಳಿ ಇನ್ನೂ ಆ ಕಡೆ ಮುಟ್ಟಿಲ್ಲ, ಅಷ್ಟರಲ್ಲೇ ಬಡಿತ ಬಿದ್ದ ಹಾಗೆ. ಏನಾಗುತ್ತೆ ಅಂತ ಮಗ್ಗದವರಿಗೆ ನಾನು ಹೇಳಬೇಕಾಗಿಲ್ಲ.

ಆಕ್ಟೇನ್ ಸಂಖ್ಯೆ ಹೇಳೋದು ಇದನ್ನೇ: ಈ ಪೆಟ್ರೋಲ್ ಎಷ್ಟರ ಮಟ್ಟಿಗೆ ತಡ್ಕೊಳ್ಳುತ್ತೆ, ಕಿಡಿ ಬರೋವರೆಗೆ ಕಾಯುತ್ತಾ ಇಲ್ವಾ ಅಂತ. ಐಸೋ ಆಕ್ಟೇನ್ ಅನ್ನೋ ದ್ರವ ಚೆನ್ನಾಗಿ ತಡ್ಕೊಳ್ಳುತ್ತೆ, ಅದಕ್ಕೆ 100. ಹೆಪ್ಟೇನ್ ತಡ್ಕೊಳ್ಳೋದೇ ಇಲ್ಲ, ಅದಕ್ಕೆ ಸೊನ್ನೆ. 91 ಅಂದರೆ ನೂರರಲ್ಲಿ 91 ಭಾಗ ಅದು, 9 ಭಾಗ ಇದು ಬೆರೆಸಿದರೆ ಹೇಗೆ ವರ್ತಿಸುತ್ತೋ ಹಾಗೆ ಈ ಪೆಟ್ರೋಲ್ ವರ್ತಿಸುತ್ತೆ ಅಂತ. ಇಷ್ಟೇ. 91 ಸಾಕು ಅಂತ ಕಟ್ಟಿದ ಎಂಜಿನ್‌ಗೆ 95 ಹಾಕಿದರೆ ತಾಳ್ಮೆ ಜಾಸ್ತಿ ಆಯ್ತು, ಆದರೆ ಅಲ್ಲಿ ಅಷ್ಟು ತಾಳ್ಮೆ ಕೇಳೋರೇ ಇಲ್ಲ.

ಇದನ್ನ ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ, ಸಾಮಾನ್ಯ ಪೆಟ್ರೋಲ್ ಸಾಕು ಅಂತ ತಯಾರಕರು ಹೇಳಿರೋ ಕಾರುಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷೆ ಮಾಡಿತು. ಶಕ್ತಿ, ಮೈಲೇಜು, ಹೊಗೆ, ಯಾವುದರಲ್ಲೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಒಂದು ವರ್ಷದಲ್ಲಿ ಅಲ್ಲಿನ ಜನ ಹೀಗೆ ಸುಮ್ಮನೆ ಸುರಿದ ದುಡ್ಡು 210 ಕೋಟಿ ಡಾಲರ್ ಅಂತ ಅದೇ ಸಂಘ ಅಂದಾಜು ಮಾಡಿತು. ಮರುವರ್ಷ, ಪ್ರೀಮಿಯಂ ಹಾಕಿದರೆ ಒಳ್ಳೆಯದು, ಕಡ್ಡಾಯ ಅಲ್ಲ ಅಂತ ತಯಾರಕರೇ ಹೇಳಿರೋ ಕಾರುಗಳನ್ನ ತಗೊಂಡು ನೋಡಿದರು. ಅಲ್ಲಿ ಮೈಲೇಜು ಸರಾಸರಿ ನೂರಕ್ಕೆ 2.7 ಏರಿತು. ನಮ್ಮ ಭಾವನಿಗೆ ಬೇಕಾದ್ದು ಎಂಟು! ಪ್ರೀಮಿಯಂ ಕೇಳೋ ಕಾರುಗಳಲ್ಲೇ ಮೂರು ಮುಟ್ಟಲಿಲ್ಲ ಅಂದಮೇಲೆ, ಕೇಳದೇ ಇರೋ ಕಾರಿನಲ್ಲಿ ಎಂಟು ಎಲ್ಲಿಂದ ಬರುತ್ತೆ? (ಅಮೆರಿಕದ ಬಂಕ್‌ನಲ್ಲಿ ನಾರ್ಮಲ್ ಮೇಲೆ 87 ಅಂತ ಬರೆದಿರುತ್ತೆ. ಅಲ್ಲಿ ಲೆಕ್ಕ ಹಾಕೋ ರೀತಿ ಬೇರೆ. ಅದು ಹೆಚ್ಚು ಕಡಿಮೆ ನಮ್ಮ 91ಕ್ಕೆ ಸಮ. ಹಾಗಾಗಿ ಈ ಹೋಲಿಕೆ ನಡೆಯುತ್ತೆ.)

ಇನ್ನು ಎಥನಾಲ್ ವಿಷಯ. ಭಾವನ ನಿಜವಾದ ಚಿಂತೆ ಇದೇ, ಬಹಳ ಜನರ ಚಿಂತೆಯೂ ಇದೇ.

ನಮ್ಮ ದೇಶದಲ್ಲಿ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟ ಶುರುವಾಗಿದ್ದು ಬೆಂಗಳೂರಿನಲ್ಲೇ. 2023ರ ಫೆಬ್ರವರಿ 6ರಂದು ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಪ್ರಧಾನಿ ಮೋದಿ ಅದನ್ನ ಬಿಡುಗಡೆ ಮಾಡಿದರು. ಆಗ ದೇಶದಲ್ಲಿ 84 ಬಂಕ್‌ಗಳಲ್ಲಿ ಮಾತ್ರ ಇತ್ತು. 2025ರ ಹೊತ್ತಿಗೆ ಎಲ್ಲ ಕಡೆ ಅದೇ ಆಯ್ತು. ಒಂದು ಲೀಟರ್ ಎಥನಾಲ್‌ನಲ್ಲಿರೋ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದರಲ್ಲಿ ಒಂದು ಭಾಗ ಅದೇ ಇದ್ದರೆ, ಇಡೀ ಲೀಟರಿನ ಶಕ್ತಿ ನೂರಕ್ಕೆ ಆರೇಳರಷ್ಟು ಇಳಿಯುತ್ತೆ. ಇದು ಗುಟ್ಟೇನಲ್ಲ. ನೀತಿ ಆಯೋಗದ 2021ರ ವರದಿಯಲ್ಲೇ ಇದೆ: ಎಥನಾಲ್ ಇಲ್ಲದ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ನೂರಕ್ಕೆ 6ರಿಂದ 7, ಅಂಥದೇ ದ್ವಿಚಕ್ರ ವಾಹನಗಳಲ್ಲಿ 3ರಿಂದ 4, ಇ20ಕ್ಕೆ ಹೊಂದಿಸಿದ ಹೊಸ ಕಾರುಗಳಲ್ಲಿ 1ರಿಂದ 2 ಇಳಿಯಬಹುದು ಅಂತ. ಹದಿನೇಳೂವರೆಯಲ್ಲಿ ನೂರಕ್ಕೆ ಏಳು ಕಳೆಯಿರಿ. ಹದಿನಾರು ಕಾಲು. ಭಾವ ಹೇಳ್ತಿರೋದು ಸುಳ್ಳಲ್ಲ, ಅವರ ಮೀಟರೂ ಕೆಟ್ಟಿಲ್ಲ.

ಆದರೆ ಮೆಕ್ಯಾನಿಕ್ ಹೇಳಿದ ಮದ್ದು ಸರಿ ಇಲ್ಲ. ಎಕ್ಸ್‌ಪಿ 95 ತರದ 95ರ ಪ್ರೀಮಿಯಂನಲ್ಲೂ ಎಥನಾಲ್ ಇದ್ದೇ ಇದೆ. ಎಥನಾಲ್ ಇಲ್ಲದ್ದು ಅಂತ ಸಿಗೋದು ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100. ಅದು 2020ರ ಡಿಸೆಂಬರ್‌ನಲ್ಲಿ ಬಂತು, ದೊಡ್ಡ ನಗರಗಳ ಆಯ್ದ ಬಂಕ್‌ಗಳಲ್ಲಿ ಮಾತ್ರ, ಬೆಲೆ ಲೀಟರಿಗೆ ಸುಮಾರು 160 ರೂಪಾಯಿ. ನೂರಕ್ಕೆ ಏಳು ಉಳಿಸೋಕೆ ನೂರಕ್ಕೆ ಐವತ್ತೈದು ಜಾಸ್ತಿ ಕೊಡೋದು. ದುಬಾರಿ ಬೈಕ್ ಇಟ್ಕೊಂಡು ಭಾನುವಾರ ನಂದಿ ಬೆಟ್ಟಕ್ಕೆ ಹೋಗೋರಿಗೆ ಅದು ಅವರ ಖುಷಿ. ಸೀರೆ ಬಂಡಲ್ ಹೊರೋ ಕಾರಿಗೆ ಅಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ, ಇದನ್ನ ಬಂಕ್‌ನಲ್ಲಿ ಯಾರೂ ಹೇಳಲ್ಲ. ಎಥನಾಲ್‌ಗೆ ಶಕ್ತಿ ಕಡಿಮೆ, ಆದರೆ ಆಕ್ಟೇನ್ ತುಂಬಾ ಜಾಸ್ತಿ, 108ರ ಮೇಲೆ. ಅದನ್ನ ಬೆರೆಸಿದರೆ ಪೆಟ್ರೋಲಿನ ಆಕ್ಟೇನ್ ಏರುತ್ತೆ. 2025ರ ಆಗಸ್ಟ್‌ನಲ್ಲಿ ಇ20 ಬಗ್ಗೆ ಗದ್ದಲ ಎದ್ದಾಗ ಪೆಟ್ರೋಲಿಯಂ ಸಚಿವಾಲಯವೇ ಕೊಟ್ಟ ಹೇಳಿಕೆ ಇದೆ. ನಮ್ಮ ಸಾಮಾನ್ಯ ಪೆಟ್ರೋಲ್ ಹಿಂದೆ 88 ಇತ್ತು, ಬಿಎಸ್-6 ಬಂದಾಗ 91 ಆಯ್ತು, ಈಗ ಇಪ್ಪತ್ತು ಭಾಗ ಎಥನಾಲ್ ಸೇರಿ 95ಕ್ಕೆ ಏರಿದೆ ಅಂತ. ಸರ್ಕಾರದ ಮಾತನ್ನೇ ಹಿಡಿದರೆ, ನಾರ್ಮಲ್ ಪೈಪಿನಲ್ಲಿ ಬರೋದೂ 95, ಪ್ರೀಮಿಯಂ ಪೈಪಿನಲ್ಲಿ ಬರೋದೂ 95. ಹಾಗಾದ್ರೆ ಎಂಟು ರೂಪಾಯಿ ಯಾತಕ್ಕೆ?

ಉಳಿಯೋದು ಒಂದೇ: ಅಡಿಟಿವ್. ಪ್ರೀಮಿಯಂನಲ್ಲಿ ಎಂಜಿನ್ ತೊಳೆಯೋ ರಾಸಾಯನಿಕಗಳನ್ನ ಸೇರಿಸಿರ್ತಾರೆ. ಇಂಜೆಕ್ಟರ್ ಬಾಯಿಗೆ, ವಾಲ್ವ್‌ಗಳಿಗೆ ಅಂಟೋ ಮಸಿಯನ್ನ ಇವು ಕರಗಿಸ್ತವೆ. ಇದು ಪೊಳ್ಳು ಮಾತಲ್ಲ, ಕೆಲಸ ಮಾಡುತ್ತೆ. ಆದರೆ ನಿಧಾನದ ಕೆಲಸ, ಕಸ ಕಟ್ಟಿದ್ದರೆ ಮಾತ್ರ ಕಾಣೋ ಕೆಲಸ. ಭಾವ ಹೇಳಿದ "ಸ್ಮೂತ್" ಇದರಿಂದಲೂ ಇರಬಹುದು, ಎಂಟು ರೂಪಾಯಿ ಜಾಸ್ತಿ ಕೊಟ್ಟಿದ್ದೀನಿ ಅನ್ನೋ ಸಮಾಧಾನದಿಂದಲೂ ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಹಳೇ ಕಾರಿಗೆ ತೊಳೆಯೋದೇ ಉದ್ದೇಶ ಆದ್ರೆ ಅಪರೂಪಕ್ಕೆ ಒಂದು ಟ್ಯಾಂಕ್ ಹಾಕಿಸಿ. ಪ್ರತಿ ಸಲ ಬೇಡ. ಅದೇ ದುಡ್ಡಲ್ಲಿ ಏರ್ ಫಿಲ್ಟರ್ ಬದಲಾಯಿಸಿ, ಸ್ಪಾರ್ಕ್ ಪ್ಲಗ್ ಹಾಕಿಸಿ, ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಪಾವಗಡದ ರಸ್ತೆ ಧೂಳಿಗೆ ಏರ್ ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತೆ ಅಂತ ಅಲ್ಲಿ ಗಾಡಿ ಓಡಿಸೋರಿಗೆ ಗೊತ್ತು.

ಹಳೇ ಕಾರಿಗೆ ಎಥನಾಲ್‌ನಿಂದ ಬೇರೆ ತೊಂದರೆ ಇಲ್ವಾ ಅಂದ್ರೆ, ಇದೆ, ಅದನ್ನ ಮುಚ್ಚಿಡಬಾರದು. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ಕಾರುಗಳ ಪೈಪು, ಗ್ಯಾಸ್ಕೆಟ್‌ಗಳು ಇ20 ತಡೆಯೋ ಹಾಗೆ ಬರ್ತಿವೆ. ಅದಕ್ಕಿಂತ ಹಳೇವು ಹಾಗಿರಲಿಕ್ಕಿಲ್ಲ. ಕೆಲವು ಹಳೇ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಸಚಿವಾಲಯವೇ ಒಪ್ಪಿಕೊಂಡಿದೆ. ಭಾವನ ಓಡಾಟದಲ್ಲಿ ಅದು ಒಂದು ವರ್ಷದ ಲೆಕ್ಕ. ಹಾಗಾಗಿ ಸರ್ವಿಸ್‌ಗೆ ಬಿಟ್ಟಾಗ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದೆಯಾ, ವಾಸನೆ ಬರ್ತಿದೆಯಾ ಅಂತ ಒಮ್ಮೆ ನೋಡಿಸೋದು ಜಾಣತನ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಯಲ್ಲಿ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ. ಎಥನಾಲ್ ಇಲ್ಲದ ಪೆಟ್ರೋಲೂ ಬೇಕು, ಆಯ್ಕೆ ನಮಗೆ ಕೊಡಿ ಅಂತ ಸುಪ್ರೀಂ ಕೋರ್ಟ್‌ಗೆ ಹೋಗಿದ್ದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯ್ತು. ಹೊಸಕೋಟೆಯಲ್ಲಿ ನಿಂತು ಯೋಚಿಸೋರಿಗೆ ಸದ್ಯಕ್ಕೆ ಇ20 ಬಿಟ್ಟು ಬೇರೆ ದಾರಿ ಇಲ್ಲ.

ಹಾಗಾದ್ರೆ ಪ್ರೀಮಿಯಂ ಯಾರಿಗೆ? ಪೆಟ್ರೋಲ್ ಮುಚ್ಚಳದ ಒಳಭಾಗ ನೋಡಿ, ಇಲ್ಲಾಂದ್ರೆ ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಕನಿಷ್ಠ 95 ಅಂತ ಬರೆದಿದ್ದರೆ 95 ಅಂತ ನಮೂದಿಸಿರೋದನ್ನೇ ಹಾಕಿಸಿ, ಅಲ್ಲಿ ಉಳಿತಾಯ ನೋಡಬೇಡಿ. ಹೊರದೇಶದ ದುಬಾರಿ ಕಾರುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತೆ. 91 ಅಂತ ಇದ್ದರೆ ನಾರ್ಮಲ್ ಸಾಕು. ಟರ್ಬೋ ಇರೋ ಪೆಟ್ರೋಲ್ ಕಾರುಗಳದ್ದು ಸ್ವಲ್ಪ ನಡುವಿನ ಕಥೆ. ಏಪ್ರಿಲ್ ಬಿಸಿಲಲ್ಲಿ ಐದು ಜನ ಕೂತು, ಎಸಿ ಹಾಕ್ಕೊಂಡು ಎತ್ತರ ಹತ್ತಿದರೆ ಎಂಜಿನ್ ಮೇಲೆ ಒತ್ತಡ ಬೀಳುತ್ತೆ. ಈಗಿನ ಕಾರುಗಳಲ್ಲಿ ನಾಕಿಂಗ್ ಕಿವಿಗೊಟ್ಟು ಕೇಳೋ ಒಂದು ಸೆನ್ಸರ್ ಇರುತ್ತೆ. ಸದ್ದು ಶುರುವಾಗ್ತಿದ್ದ ಹಾಗೆ ಅದು ಕಿಡಿಯನ್ನ ಸ್ವಲ್ಪ ತಡ ಮಾಡಿಸುತ್ತೆ. ಎಂಜಿನ್ ಉಳಿಯುತ್ತೆ, ಎಳೆತ ಸ್ವಲ್ಪ ಕಮ್ಮಿ ಆಗುತ್ತೆ. ಅಂಥ ಹೊತ್ತಲ್ಲಿ ಹೆಚ್ಚು ಆಕ್ಟೇನ್ ಇದ್ದರೆ ಆ ಎಳೆತ ಉಳಿಯಬಹುದು. ಹಳೇ ಕಾರಿನಲ್ಲಿ ಸರಿಯಾದ ಗೇರ್‌ನಲ್ಲಿದ್ದೂ ಟಕ ಟಕ ಸದ್ದು ಬರ್ತಿದ್ದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ನಾಲ್ಕನೇ ಗೇರ್‌ನಲ್ಲೇ ಎತ್ತರ ಹತ್ತಿಸೋ ಚಟ ಇದ್ದರೆ ಅದಕ್ಕೆ ಯಾವ ಪೆಟ್ರೋಲೂ ಔಷಧ ಅಲ್ಲ. ಕೆಲವು ಪ್ರೀಮಿಯಂಗಳ ಹೆಸರಿನಲ್ಲಿ ಸಂಖ್ಯೆ ಇರಲ್ಲ. ಆಕ್ಟೇನ್ ಎಷ್ಟು ಅಂತ ಕೇಳಿ, ಉತ್ತರ ಬರದಿದ್ದರೆ ಹಾಕಿಸಬೇಡಿ.

ನಂಬಿಕೆ ಬೇಡ, ನೀವೇ ಅಳೆದು ನೋಡಿ ಅಂತ ಭಾವನಿಗೂ ಹೇಳಿದ್ದೀನಿ. ಪೈಪ್ ತಾನಾಗೇ ಕಟ್ ಆಗೋವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಒಂದು ಬೆಂಗಳೂರು ಟ್ರಿಪ್ ಹೋಗಿ ಬಂದು ಅದೇ ಬಂಕ್‌ನಲ್ಲಿ, ಅದೇ ಪಂಪ್‌ನಲ್ಲಿ ಮತ್ತೆ ಕಟ್ ಆಗೋವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನ ಈಗ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲ ನಾರ್ಮಲ್, ಮೂರು ಸಲ ಪ್ರೀಮಿಯಂ. ಡ್ಯಾಶ್‌ಬೋರ್ಡ್ ತೋರಿಸೋ ಮೈಲೇಜು ಲೆಕ್ಕಕ್ಕೆ ಬೇಡ. ಹದಿನೇಳು ಕಾಲು ಬಂದರೆ ಪ್ರೀಮಿಯಂ ಮುಂದುವರಿಸಿ, ನಾನೇ ಬಂದು ಒಂದು ಟ್ಯಾಂಕ್ ಹಾಕಿಸ್ತೀನಿ ಅಂದೆ. ನಕ್ಕರು.

ಗಡಿ ಊರುಗಳ ಕಡೆಯಿಂದ ಒಂದು ಮಾತು. ಪಾವಗಡ ತಾಲೂಕನ್ನ ಬಹುತೇಕ ಆಂಧ್ರವೇ ಸುತ್ತಿಕೊಂಡಿದೆ. ಆಂಧ್ರದಲ್ಲಿ ಪೆಟ್ರೋಲ್ ಮೇಲೆ ನೂರಕ್ಕೆ 31 ವ್ಯಾಟ್, ಅದರ ಮೇಲೆ ಲೀಟರಿಗೆ 4 ರೂಪಾಯಿ, ರಸ್ತೆ ಸೆಸ್ ಅಂತ ಇನ್ನೊಂದು ರೂಪಾಯಿ. ನಮ್ಮಲ್ಲಿ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ 25.92ರಿಂದ 29.84ಕ್ಕೆ ಏರಿಸಿದರು, ಬೆಲೆ ಮೂರು ರೂಪಾಯಿ ಹೆಚ್ಚಾಯ್ತು. ಆದರೂ ಆಂಧ್ರಕ್ಕಿಂತ ಲೀಟರಿಗೆ ಆರೇಳು ರೂಪಾಯಿ ಕಮ್ಮಿ. ಅದಕ್ಕೇ ಕಲ್ಯಾಣದುರ್ಗ, ಮಡಕಶಿರಾ ಕಡೆಯ ಗಾಡಿಗಳು ಈ ಕಡೆ ಬಂದಾಗ ಟ್ಯಾಂಕ್ ತುಂಬಿಸಿಕೊಂಡೇ ಹೋಗೋದು. ಆರು ರೂಪಾಯಿ ಉಳಿಸೋಕೆ ರಾಜ್ಯ ದಾಟಿ ಬಂದು, ಹುಡುಗ "ಪವರ್ ಹಾಕ್ಲಾ" ಅಂದ ತಕ್ಷಣ ತಲೆ ಆಡಿಸಿ ಎಂಟು ರೂಪಾಯಿ ಕೊಟ್ಟು ಹೋಗೋರೂ ಇದ್ದಾರೆ.

ಬೈಕ್, ಸ್ಕೂಟರ್‌ನವರು ಕೇಳ್ತಾರೆ. ನೂರು, ನೂರಿಪ್ಪತ್ತೈದು ಸಿಸಿಯ ದಿನದ ಓಡಾಟದ ಗಾಡಿಗಳಿಗೆ ನಾರ್ಮಲ್ ಧಾರಾಳವಾಗಿ ಸಾಕು. ಡೀಸೆಲ್‌ನಲ್ಲಿ ಆಕ್ಟೇನ್ ಮಾತೇ ಇಲ್ಲ, ಅಲ್ಲಿ ಸೀಟೇನ್ ಅಂತ ಬೇರೆ ಅಳತೆ, ಅದು ಬೇಗ ಹೊತ್ತಿಕೊಳ್ಳೋ ಗುಣದ್ದು. ಪೂರ್ತಿ ಉಲ್ಟಾ. ಅದನ್ನ ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ.

ಪೆಟ್ರೋಲೇ ಸರಿ ಇದೆಯಾ ಅನ್ನೋ ಅನುಮಾನ ಇದ್ದರೆ ಪ್ರೀಮಿಯಂ ಅದಕ್ಕೆ ಉತ್ತರ ಅಲ್ಲ, ಬಂಕ್‌ನಲ್ಲೇ ಪರೀಕ್ಷೆ ಕೇಳಬಹುದು. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಡಿಸಿ, ಆರಿದ ಮೇಲೆ ಕಲೆ ಉಳಿಯಬಾರದು. ಸಾಂದ್ರತೆ ಎಷ್ಟಿದೆ ಅಂತ ಕೇಳಿ, ಅದನ್ನ ಗ್ರಾಹಕರಿಗೆ ತೋರಿಸಲೇಬೇಕು. ಅಳತೆ ಮೇಲೆ ಅನುಮಾನ ಬಂದರೆ, ಕಾನೂನು ಮಾಪನ ಇಲಾಖೆಯ ಮುದ್ರೆ ಇರೋ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕ್‌ನಲ್ಲೂ ಇರಬೇಕು. ಅದಕ್ಕೆ ಹಾಕಿಸಿ ನೋಡಿ. ಐದು ಲೀಟರಿಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶ. ಇದಕ್ಕೆಲ್ಲ ಬಂಕ್‌ನವರು ದುಡ್ಡು ಕೇಳೋ ಹಾಗಿಲ್ಲ.